ಶೆಟ್ಟ್ಯಕ್ಕನ ಸೀಲಿಂಗ್ ಮತ್ತು ನನ್ನ ರಿಫ್ಯೂಟ್

ನನ್ನ ಬಾತ್‌ರೂಮಿನ ನೀರು ಕೆಳಗಿನ ಮನೆಯ ಶೆಟ್ಟ್ಯಕ್ಕನ ಮಲಗುವ ಕೋಣೆಯೊಳಗೆ ಬೀಳುತ್ತಿದೆಯಂತೆ. ಹಾಗಂತ ಮುಂಬಯಿಯ ಘಾಟ್ಕೋಪರ್‌ನ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನೋಟೀಸು ಕಳಿಸಿದರು. ಏಳು ದಿನದಲ್ಲಿ ಟೈಲ್ಸ್ ಒಡೆಸಿ ರಿಪೇರಿ ಮಾಡಿಸಬೇಕಂತೆ. ಹಾಕಿಸಿ ಇನ್ನೂ ವರ್ಷವಾಗಿಲ್ಲ ಸ್ವಾಮಿ, ಆ ಟೈಲ್ಸ್.

ತಲೆ ಕೆಟ್ಟಿತು. ಈ ಊರಿನ ಬಿಲ್ಡಿಂಗುಗಳಲ್ಲಿ ಎಲ್ಲಿ ನೀರು ತೊಟ್ಟಿಕ್ಕಿದರೂ ಮೇಲಿನ ಮನೆಯವನೇ ಕಳ್ಳ. ಪೈಪು ಹಳತಾಗುವುದಿಲ್ಲವೇ? ಹೊರಗೋಡೆ ಬಿರುಕು ಬಿಡುವುದಿಲ್ಲವೇ? ಕೂತು ಖಡಕ್ ಇಂಗ್ಲಿಷಿನಲ್ಲಿ ಉತ್ತರ ಬರೆದೆ: 'ಐ ರಿಫ್ಯೂಟ್ ದಿಸ್ ಅಲಿಗೇಶನ್.' ಕಾಪಿಯ ಮೇಲೆ ಸೊಸೈಟಿಯ ಮೊಹರು, ಇಲ್ಲಿನವರ ಸಿಕ್ಕಾ, ಹಾಕಿಸಿಕೊಂಡೇ ಬಂದೆ. (ಸಿಕ್ಕಾ ಬೀಳದ ಕಾಗದಕ್ಕೆ ಮುಂಬಯಿಯಲ್ಲಿ ಜೀವವಿಲ್ಲ.)

ಸಂಜೆ ಶೆಟ್ಟ್ಯಕ್ಕ, ಸೆಕ್ರೆಟರಿ ಕೊಟ್ಟ ಆ ಪತ್ರ ಹಿಡಿದು ಮೆಟ್ಟಿಲು ಹತ್ತಿ ಬಂದರು. ಗಂಡನ ಜೊತೆ ಸಾಂತಾಕ್ರೂಜ್‌ನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು. ಈಗ ಮಂಡಿ ಮಾತು ಕೇಳುವುದಿಲ್ಲ.

"ಈ ರಿಫ್ಯೂಟ್ ಅಂದ್ರೆ ಎಂಥ ಮಾರಾಯ್ರೆ?"

ಪದದ ವಿಷಯ ಕೇಳಿದರೆ ನನ್ನ ಬಾಯಿ ನಿಲ್ಲುತ್ತದೆಯೇ? ಲ್ಯಾಟಿನ್ನಿನ 'ರೆಫುತಾರೆ'ಯಿಂದ ಬಂದದ್ದು, ಎದುರು ಬಂದವನನ್ನು ಹಿಂದಕ್ಕೆ ಅಟ್ಟುವುದು ಅಂತ ಮೂಲಾರ್ಥ, ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಬರೀ 'ಅಲ್ಲ' ಅಂದರೆ ಅದು ಡಿನೈ. ಪುರಾವೆ ಕೊಟ್ಟು ಸುಳ್ಳೆಂದು ತೋರಿಸಿದರೆ ಮಾತ್ರ ರಿಫ್ಯೂಟ್. ಟೀವಿಯಲ್ಲಿ ಕೂರುವ ವಕ್ತಾರರಿಗೂ ಇಷ್ಟು ಗೊತ್ತಿಲ್ಲ ಎಂದು ರೇಗಿಕೊಂಡೇ ಪಾಠ ಮಾಡಿದೆ.

"ಹಾಗಾದ್ರೆ ಪುರಾವೆ ಉಂಟಾ ನಿಮ್ಮತ್ರ?"

ಇರಲಿಲ್ಲ.

"ನನ್ನತ್ರ ಬಣ್ಣ ಉಂಟು," ಎಂದರು. ಹೋಟೆಲಿನಲ್ಲಿ ಶೀರಾಕ್ಕೆ ಹಾಕುತ್ತಿದ್ದ ಕೇಸರಿ ಪುಡಿ. "ಎರಡು ಬಕೆಟ್ ನೀರಿಗೆ ಕಲಸಿ ನಿಮ್ಮ ಬಾತ್‌ರೂಮಲ್ಲಿ ಚೆಲ್ಲುವ. ಕೆಳಗೆ ಬಣ್ಣ ಇಲ್ಲದ ನೀರು ಬಿದ್ರೆ ಸೆಕ್ರೆಟರಿಗೆ ನಾನೇ ಹೇಳ್ತೇನೆ, ತಪ್ಪು ನಂದು ಅಂತ."

ಅಷ್ಟು ಪಾಠ ಮಾಡಿದ ಮೇಲೆ ಬೇಡ ಎನ್ನಲು ಬಾಯಿ ಎಲ್ಲಿತ್ತು? ಚೆಲ್ಲಿದೆ.

ಮರುದಿನ ಬೆಳಿಗ್ಗೆ ಕೆಳಗಿನಿಂದ ಕರೆ ಬಂತು. ಹೋದೆ. ಶೆಟ್ಟ್ಯಕ್ಕನ ಮಂಚ ಹಾಲ್‌ನಲ್ಲಿತ್ತು. ಎರಡು ತಿಂಗಳಿಂದ ಅವರು ಅಲ್ಲೇ, ಬಾಗಿಲ ಪಕ್ಕ, ಮಲಗುತ್ತಿದ್ದಾರಂತೆ. ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಒಳಕೋಣೆಯ ಸೀಲಿಂಗಿನಲ್ಲಿ ಅಚ್ಚ ಕೇಸರಿ ಕಲೆ. ಅಡಿಯಲ್ಲಿಟ್ಟ ಸ್ಟೀಲ್ ಬೋಗುಣಿಯಲ್ಲಿ ಕೇಸರಿ ನೀರು. ನಾಚಿಕೆಯಾಯಿತು. ಟೈಲ್ಸಿನವನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಶೆಟ್ಟ್ಯಕ್ಕ ಚಾ ತಂದಿಟ್ಟು ಕೇಳಿದರು: "ಅಲ್ಲ ಮಾರಾಯ್ರೆ, ತಪ್ಪಾಯ್ತು ಅನ್ಲಿಕ್ಕೆ ಲ್ಯಾಟಿನ್‌ನಲ್ಲಿ ಎಂಥ ಹೇಳುದು?"