ಯಾವ ಪುರಾಣದಲ್ಲೂ ಇಲ್ಲದ ಪ್ರಾಣಿ

ಬೋನಿಟ್ಟು ಪ್ರಾಣಿ ಹಿಡಿಯಲು ಹೊರಟ ಹೊಸಬರು ಮೊದಲು ಯಾವ ಪ್ರಾಣಿಯನ್ನು ಆರಿಸಿಕೊಳ್ಳಬೇಕು ಎಂಬುದರ ಬಗ್ಗೆ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಪಾಠಗಳಿವೆ. ತುಪ್ಪಳ ದಟ್ಟವಾಗಿರಬೇಕಂತೆ, ಸಂಖ್ಯೆ ಹೆಚ್ಚಿರಬೇಕಂತೆ, ಬುದ್ಧಿ ಕಡಿಮೆ ಇರಬೇಕಂತೆ. ಎಲ್ಲವನ್ನೂ ಹಿಮ ಬೀಳುವ ಕಾಡುಗಳಲ್ಲಿ ಗಡ್ಡ ಬಿಟ್ಟುಕೊಂಡು ಬದುಕುವ ಗಂಡಸರು ಬರೆದಿದ್ದಾರೆ. ಕ್ಯಾಲಿಫೋರ್ನಿಯಾದ ಮಿಲ್ಪಿಟಾಸಿನ ಅಂಗೈಯಗಲದ ಹಿತ್ತಿಲಲ್ಲಿ, ಮಂಡ್ಯದ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು ಆಯ್ಕೆ ಮಾಡುವುದು ಹೇಗೆ ಎಂದು ಆ ಮಹಾನುಭಾವರಲ್ಲಿ ಒಬ್ಬರಾದರೂ ಬರೆದಿದ್ದರೆ ನನ್ನ ಒಳ್ಳೆಯ ಚೂಡಿದಾರವೊಂದು ಕಸದ ಬುಟ್ಟಿಗೆ ಹೋಗುತ್ತಿರಲಿಲ್ಲ.

ಅತ್ತೆ ಜೂನಿನಲ್ಲಿ ಬಂದಿದ್ದರು, ನವೆಂಬರಿನ ತನಕ ಇರುವವರು. ಬಂದ ಹೊಸದರಲ್ಲಿ ಟಿ.ವಿ. ನೋಡಿದರು, ಬೇಲಿಯಾಚೆಯ ಚೀನೀ ಅಜ್ಜಿಯನ್ನು ನೋಡಿದರು, ಆಮೇಲೆ ಗೋಡೆ ನೋಡತೊಡಗಿದರು. ಗೋಡೆ ನೋಡಿ ಸಾಕಾದ ಮೇಲೆ ಹಿತ್ತಿಲಿಗಿಳಿದು, ಹುಲ್ಲುಹಾಸು ಕಿತ್ತು, ಅವರೆ ಬೀಜ ಊರಿ, ಚಪ್ಪರಕ್ಕೆ ಕೋಲು ನೆಡಿಸಿದರು. ಆ ಬೀಜ ಕಸ್ಟಮ್ಸ್ ದಾಟಿ ಹೇಗೆ ಬಂತೆಂದು ನಾನು ಕೇಳಲಿಲ್ಲ. ಕೇಳಿದರೆ ಉತ್ತರ ಗೊತ್ತಾಗುತ್ತದೆ, ಗೊತ್ತಾದರೆ ನನಗೆ ನಿದ್ದೆ ಬರುವುದಿಲ್ಲ.

ಸಸಿ ನಾಲ್ಕೆಲೆ ಬಿಟ್ಟಿತು. ಒಂದು ಬೆಳಿಗ್ಗೆ ನೋಡಿದರೆ ಪಾತಿಯೆಲ್ಲ ಗುಂಡಿ, ಸಸಿಗಳು ಬೇರು ಮೇಲಾಗಿ ಬಿದ್ದಿದ್ದವು. ಮತ್ತೆ ಊರಿದರು. ಮತ್ತೆ ಅದೇ ಕಥೆಯಾಯಿತು.

"ಹಿಂಗಾದ್ರೆ ನನ್ನ ಊರಿಗೆ ಕಳಿಸ್‌ಬುಡಿ ಕಣವ್ವಾ," ಎಂದರು ಅತ್ತೆ. "ಸುಮ್ಕೆ ಕುಂತ್ಕಂಡು ಗ್ವಾಡೆ ನೋಡಕ್ಕೆ ಅಷ್ಟ್ ದೂರದಿಂದ ಬರ್ಬೇಕಿತ್ತಾ? ಇನ್ನೊಂದ್ ಸಲ ಊರ್ತೀನಿ. ಅದೂ ಹೋದ್ರೆ ದಸರಾಕ್ಕೆ ಮುಂಚೇನೇ ನಾನೂ ಹೋಯ್ತೀನಿ."

ನನ್ನ ಗಂಡ ಆಗಲೇ ಟಿಕೆಟ್ಟು ಪ್ರಿಪೋನು ಮಾಡುವ ಪುಟ ತೆರೆದರು. ಅವರಿಗೆ ಯಾವುದೇ ಸಮಸ್ಯೆಗೂ ಒಂದು ಪುಟ ತೆರೆದುಬಿಟ್ಟರೆ ಅರ್ಧ ಮುಗಿದಂತೆ. ನನಗೆ ಮಾತ್ರ ಅವರು ಹೋಗುವುದು ಬೇಕಿರಲಿಲ್ಲ. ಸ್ಯಾನ್ ಮಟಿಯೋದ ಆಫೀಸಿನಿಂದ ಫ್ರೀವೇಯಲ್ಲಿ ತೆವಳಿಕೊಂಡು ಬಂದು ಗ್ಯಾರೇಜಿನ ಬಾಗಿಲು ತೆಗೆದರೆ, ಒಳಗಿನಿಂದ "ಬಂದ್ಯಾ?" ಎಂದು ಕೇಳುವ ಒಂದು ದನಿ ಈ ಮನೆಯಲ್ಲಿ ಮೊದಲ ಬಾರಿಗೆ ಇತ್ತು. ಅದಕ್ಕೆ ಮುಂಚೆ ನಾನು ಬಂದೆನೆಂದು ತಿಳಿಯುತ್ತಿದ್ದದ್ದು ಗೋಡೆಯ ಥರ್ಮೋಸ್ಟಾಟಿಗೆ ಮಾತ್ರ. ಆ "ಬಂದ್ಯಾ" ಉಳಿಯಬೇಕಾದರೆ ಅವರೆ ಸಸಿ ಉಳಿಯಬೇಕಿತ್ತು. ಇದನ್ನು ಅತ್ತೆಗೆ ಹೇಳಿದರೆ ನಕ್ಕುಬಿಡುತ್ತಾರೆ. ಹಾಗಾಗಿ ಬೋನಿಟ್ಟು ಕಳ್ಳನನ್ನು ಹಿಡಿಯೋಣ ಎಂದಷ್ಟೇ ಹೇಳಿದೆ.

ಗಂಡ ಹಿತ್ತಿಲಿಗೆ ಕ್ಯಾಮೆರಾ ಹಾಕಿದರು. ಮರುದಿನ ಬೆಳಿಗ್ಗೆ ಕಾಫಿ ಹಿಡಿದು ಮೂವರೂ ಸೋಫಾದಲ್ಲಿ ಕೂತು ನೋಡಿದೆವು. ಒಬ್ಬ ಕಳ್ಳನಿರಬಹುದೆಂದುಕೊಂಡಿದ್ದರೆ ಒಂದು ಸಂತೆಯೇ ನಡೆದಿತ್ತು. ಇಲಿ, ಅಳಿಲು, ಬೆನ್ನ ಮೇಲೆ ಮರಿಗಳನ್ನು ಹೇರಿಕೊಂಡ ಪಾಸಮ್ಮು, ಬಾಲವೆತ್ತಿ ನಾತ ಹಾರಿಸುವ ಸ್ಕಂಕು, ಕಣ್ಣಿನ ಸುತ್ತ ಮಸಿ ಬಳಿದುಕೊಂಡಂತಿರುವ ರಕೂನು. ಗಂಡ ತಕ್ಷಣ ಲ್ಯಾಪ್‌ಟಾಪಿನಲ್ಲಿ ಕೋಷ್ಟಕ ಹಾಕಿದರು: ತೂಕ, ಬುದ್ಧಿ, ಅಪಾಯ. ಮನುಷ್ಯರನ್ನು ಕೆಲಸಕ್ಕೆ ತೆಗೆದುಕೊಳ್ಳುವಾಗಲೂ ಅವರ ಕಂಪನಿ ಇಷ್ಟು ಯೋಚಿಸುವುದನ್ನು ನಾನು ಕಂಡಿಲ್ಲ.

"ಹೊಸಬರಿಗೆ ಇಲಿ ಬೆಸ್ಟು ಅಂತಿದೆ," ಎಂದರು.

"ಗಣಪನ ಹಬ್ಬ ಮುಂದ್ಲ ವಾರ ಮಡಿಕ್ಕಂಡು ಅವನ ಗಾಡಿ ಹಿಡಿದೀಯಾ?" ಎಂದರು ಅತ್ತೆ.

"ಸರಿ, ಅಳಿಲು?"

"ರಾಮದೇವ್ರು ಬೆನ್ನು ಸವರವ್ನೆ."

"ಅವ್ವಾ, ಅದು ನಮ್ಮ ಕಡೆ ಅಳಿಲು. ಇದರ ಬೆನ್ನ ಮೇಲೆ ಗೆರೆನೇ ಇಲ್ಲ, ನೋಡು."

"ಸೇತುವೆ ಕಟ್ದಾಗ ರಜ ಹಾಕಿತ್ತೇನೋ. ಜಾತಿ ಒಂದೇಯಾ, ಬುಡು."

ಪಾಸಮ್ಮಿನ ವಿಷಯದಲ್ಲಿ ಚರ್ಚೆಯೇ ಆಗಲಿಲ್ಲ. ಬಾಣಂತಿ, ಮುಟ್ಟುವಂತಿಲ್ಲ. ಸ್ಕಂಕು ತೆರೆಯ ಮೇಲೆ ಬಂದಾಗ ಅತ್ತೆ ಕಾಫಿ ಲೋಟ ಕೆಳಗಿಟ್ಟರು. ಅದರ ನೆತ್ತಿಯಿಂದ ಎರಡು ಬಿಳಿಯ ಪಟ್ಟೆಗಳು ಹೊರಟು ಬಾಲದ ತನಕ ಹರಿದಿದ್ದವು.

"ಮ್ಯಾಲ್ಕೋಟೆ ದಾಸಯ್ಯ ಇದ್ದಂಗವ್ನೆ. ನಾಮ ಇಕ್ಕಂಡಿರೋ ಜೀವ ಕಣ್ರೋ, ಅದರ ತಂಟೆ ಬ್ಯಾಡ." ಆಮೇಲೆ ರಕೂನಿನತ್ತ ಬೆರಳು ತೋರಿಸಿದರು. "ಇದ್ಕೆ ಕನ್ನಡದಲ್ಲಿ ಏನಂತಾರೆ?"

"ಕನ್ನಡದಲ್ಲಿ ಹೆಸರೇ ಇಲ್ಲ ಅವ್ವಾ."

"ಹಂಗಾರೆ ಇದನ್ನೇ ಹಿಡೀರಿ."

ಹೀಗೆ ಯಾವ ದೇವರೂ ಸ್ಪಾನ್ಸರ್ ಮಾಡದ ಪ್ರಾಣಿಯೊಂದು ಆಯ್ಕೆಯಾಯಿತು. ವೀಸಾದ ಮೇಲೆ ವರ್ಷಗಟ್ಟಲೆ ಬದುಕಿದ ನಾವು ಅದರ ಪರವಾಗಿ ಒಂದು ಮಾತಾದರೂ ಆಡಬೇಕಿತ್ತು. ಆಡಲಿಲ್ಲ.

ಬೋನು ಕೊಟ್ಟವರು ಗಂಡನ ಸ್ನೇಹಿತರೊಬ್ಬರು, ಕ್ಯುಪರ್ಟಿನೋದವರು. ಅವರು ಒಮ್ಮೆಯೂ ಏನನ್ನೂ ಹಿಡಿದವರಲ್ಲ, ಆದರೆ ಆ ವಿಷಯದಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲರು. "ತುಪ್ಪಳ ಮಾರೋ ಆಸೆ ಇಟ್ಕೋಬೇಡ ಗುರು, ಇಲ್ಲಿ ಅದೆಲ್ಲ ಬ್ಯಾನು," ಎಂದು ಗಂಭೀರವಾಗಿ ಎಚ್ಚರಿಸಿದರು. ಮಿಲ್ಪಿಟಾಸಿನಲ್ಲಿ ಕೂತು ರಕೂನಿನ ಟೋಪಿ ಮಾರುವ ಕನಸು ನಮಗಿತ್ತೆಂದು ಅವರಿಗೆ ಯಾರು ಹೇಳಿದರೋ.

"ಹಿಡಿದ ಮೇಲೆ ಎಲ್ಲಿ ಬಿಡೋದು?" ಎಂದು ನಾನು ಕೇಳಿದೆ.

ಬೆಂಗಳೂರಿನಲ್ಲಿ ಬೆಳೆದವರಿಗೆ ಇದು ಪ್ರಶ್ನೆಯೇ ಅಲ್ಲ. ನಮ್ಮ ಮನೆಯಲ್ಲಿ ಇಲಿ ಬೋನಿಗೆ ಬಿದ್ದರೆ ಅಪ್ಪ ಸ್ಕೂಟರಿನಲ್ಲಿ ಕಾಲ ನಡುವೆ ಬೋನಿಟ್ಟುಕೊಂಡು ಪಕ್ಕದ ಬಡಾವಣೆಯ ಮೋರಿಗೆ ಬಿಟ್ಟು ಬರುತ್ತಿದ್ದರು. ಆ ಬಡಾವಣೆಯವರು ತಮ್ಮ ಇಲಿಗಳನ್ನು ನಮ್ಮ ಮೋರಿಗೆ ತಂದು ಬಿಡುತ್ತಿದ್ದರು. ಹಿಂಸೆಯೂ ಆಗುತ್ತಿರಲಿಲ್ಲ, ಇಲಿಗಳೂ ಕಡಿಮೆಯಾಗುತ್ತಿರಲಿಲ್ಲ.

"ಕ್ಯುಪರ್ಟಿನೋದಲ್ಲೇ ಬಿಡೋಣ," ಎಂದರು ನನ್ನ ಗಂಡ. "ಅದರ ಮಕ್ಕಳಿಗೆ ಒಳ್ಳೆ ಸ್ಕೂಲಾದ್ರೂ ಸಿಗುತ್ತೆ."

ಸ್ನೇಹಿತರು ನಗಲಿಲ್ಲ. ಅದೇ ಕಾರಣಕ್ಕೆ ಮನೆ ಮಾರಿ ಅಲ್ಲಿಗೆ ಹೋದವರು ಅವರು.

ಆ ಸಂಜೆ ನಾನು ಕಾನೂನು ಓದಿದೆ. ಹಿಡಿದ ಪ್ರಾಣಿಯನ್ನು ಬೇರೆಲ್ಲಿಗೂ ಒಯ್ದು ಬಿಡುವಂತಿಲ್ಲ. ಹಿಡಿದ ಜಾಗದಲ್ಲೇ ಬಿಡಬೇಕು, ಇಲ್ಲವೇ ಕೊಲ್ಲಬೇಕು. ಅಂದರೆ ಅದನ್ನು ಬೋನಿನಲ್ಲಿ ಕೂರಿಸಿ, ಬುದ್ಧಿ ಹೇಳಿ, ಅದೇ ಅವರೆ ಪಾತಿಯ ಪಕ್ಕ ಇಳಿಸಿ ಕಳಿಸಬೇಕು. ನಮ್ಮ ಸಿಟಿಜನ್‌ಶಿಪ್ ಇಂಟರ್ವ್ಯೂ ಬೇರೆ ಬಾಕಿ ಇತ್ತು. "ಎಂದಾದರೂ ಕಾನೂನು ಮುರಿದಿದ್ದೀರಾ?" ಎಂದು ಅಧಿಕಾರಿ ಕೇಳುವುದು, "ಒಮ್ಮೆ, ರಕೂನಿನ ವಿಷಯದಲ್ಲಿ" ಎಂದು ನಾನು ತೊದಲುವುದು, ಎಲ್ಲ ಕಣ್ಣ ಮುಂದೆ ಬಂತು.

"ರೀ, ಇದು ಬೇಡ."

"ಮೊದಲು ಬೀಳ್ಲಿ, ಆಮೇಲೆ ನೋಡೋಣ. ಹೇಗೂ ಹೆದರಿಕೊಂಡು ಮತ್ತೆ ಬರಲ್ಲ," ಎಂದರು. ಸಾಫ್ಟ್‌ವೇರಿನಲ್ಲಿ ದೊಡ್ಡ ಹುದ್ದೆಗೇರಿದವರು ಹೀಗೇ ಮಾತಾಡುತ್ತಾರೆ. ಅತ್ತೆ ಮೂರನೆಯ ಸಲ ಬೀಜ ಊರಿ, ಬೋನಿನೊಳಗೆ ಒಣಮೀನು ತಾವೇ ಸಿಕ್ಕಿಸಿ, "ಮುಳ್ಳು ತಗ್ದಿವ್ನಿ, ಗಂಟಲಿಗೆ ಸಿಕ್ಕಂಡಾತು" ಎಂದರು. ನಾವು ಹಿಡಿಯಲು ಹೊರಟದ್ದೋ ಊಟಕ್ಕೆ ಕರೆದದ್ದೋ ಗೊತ್ತಾಗದಂತಿತ್ತು.

ಬೆಳಿಗ್ಗೆ ಬೋನಿನ ಬಾಗಿಲು ಬಿದ್ದಿತ್ತು. ಒಳಗೆ ಎರಡು ಬಿಳಿಯ ಪಟ್ಟೆ.

"ಅಯ್ಯೋ, ದಾಸಯ್ಯನ್ನೇ ಹಿಡ್ದ್‌ಬುಟ್ರಲ್ಲೋ," ಎಂದು ಅತ್ತೆ ಕೆನ್ನೆ ತಟ್ಟಿಕೊಂಡರು.

ಗಂಡ ಗಾಜಿನ ಬಾಗಿಲು ಎಳೆದುಕೊಂಡು ಒಳಗೆ ನಿಂತರು. ಅವರ ಕೈಯ ಫೋನಿನ ಸ್ಪೀಕರಿನಲ್ಲಿ, ಬೋನು ಕೊಟ್ಟ ಕ್ಯುಪರ್ಟಿನೋ ಇತ್ತು. "ಬೆಡ್‌ಶೀಟ್ ಮುಂದೆ ಹಿಡ್ಕೊಂಡು ನಿಧಾನಕ್ಕೆ ಹೋಗಿ ಮುಚ್ಚಬೇಕು. ಕತ್ತಲಾದ್ರೆ ಅದು ಸುಮ್ನಿರುತ್ತೆ. ಶಬ್ದ ಮಾತ್ರ ಮಾಡಬಾರದು," ಎಂದಿತು ಕ್ಯುಪರ್ಟಿನೋ. ಯಾರು ಹೋಗಬೇಕೆಂಬುದನ್ನು ಅದು ಹೇಳಲಿಲ್ಲ. ಗಂಡ ನನ್ನತ್ತ ನೋಡಿದರು. ಅವರಿಗೆ ಒಂಬತ್ತಕ್ಕೆ ಮೀಟಿಂಗು ಇತ್ತು. ನನಗೂ ಇತ್ತು. ಆದರೆ ಕಾನೂನು ಓದಿದವಳು ನಾನು, ಹಾಗಾಗಿ ಬಿಡುಗಡೆಯೂ ನನ್ನ ಖಾತೆಗೇ ಬಂತು.

ಬೆಡ್‌ಶೀಟನ್ನು ಮುಂದೆ ಹಿಡಿದು ಹೋದೆ. ಆ ಹೊತ್ತಿನಲ್ಲಿ ಹುಚ್ಚುನಾಯಿ ರೋಗ, ಇನ್ಷೂರೆನ್ಸು, ಬೇಲಿಯಾಚೆಯ ಅಜ್ಜಿ ಹಾಕಬಹುದಾದ ಕೇಸು, ಎಲ್ಲವನ್ನೂ ಯೋಚಿಸಿ ಮುಗಿಸಿದೆ. ಹಿಂದೆ ಅತ್ತೆ, ತಪ್ಪಾಯಿತೆಂದು ಬೇಡಿಕೊಳ್ಳಲು, ಕೈ ಮುಗಿದುಕೊಂಡು ಬರುತ್ತಿದ್ದರು. ಮುಚ್ಚಿದೆ. ಬಾಗಿಲೆತ್ತಿ, ಬೀಳದಂತೆ ಕೋಲು ಕೊಟ್ಟೆ. ಸ್ಕಂಕು ಹೊರಗೆ ಬಂದು, ನನ್ನ ಚಪ್ಪಲಿ ಮೂಸಿ, ಹೊರಡಲು ತಿರುಗಿತು. ಬದುಕಿನಲ್ಲಿ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡಿದೆನೆಂದು ನನಗನಿಸಿತು. ಅಷ್ಟರಲ್ಲಿ ಗಂಡ ಗಾಜಿನ ಬಾಗಿಲನ್ನು ದಡಾರನೆ ಸರಿಸಿ, "ಆಯ್ತಾ?" ಎಂದರು.

ಆಯಿತು.

ಆ ನಾತವನ್ನು ವರ್ಣಿಸುವುದಿಲ್ಲ, ಅದಕ್ಕೂ ಕನ್ನಡದಲ್ಲಿ ಹೆಸರಿಲ್ಲ. ಕ್ಯುಪರ್ಟಿನೋ ಟೊಮ್ಯಾಟೊ ರಸ ಹಚ್ಚಲು ಹೇಳಿತು. ಹಚ್ಚಿದೆವು.

"ಏನವ್ವಾ, ನನ್ನ ಸಾರು ಮಾಡೀಯಾ?" ಎಂದರು ಅತ್ತೆ. ಸೀಗೇಪುಡಿ, ಕಡಲೆಹಿಟ್ಟು, ಪಾತ್ರೆ ತೊಳೆಯುವ ಸೋಪು ಎಲ್ಲವೂ ಆದವು. ಕೊನೆಗೆ ಗಂಡ ನಮ್ಮಿಬ್ಬರನ್ನೂ ಹಿತ್ತಿಲಲ್ಲೇ ಊಟಕ್ಕೆ ಕೂರಿಸಿ, ಗಾಜಿನ ಬಾಗಿಲ ಸಂದಿಯಿಂದ ತಟ್ಟೆ ತಳ್ಳತೊಡಗಿದರು. ಸಂದಿಯಿಂದಲೇ ಟಿಕೆಟ್ಟಿನ ಮಾತೂ ಬಂತು. "ಅವ್ವಾ, ದಸರಾಕ್ಕೆ ಮುಂಚೆ ಸೀಟಿದೆ. ಹಾಕಿಸ್ಲಾ?"

"ಈ ನಾತ ಹೊತ್ಕಂಡು ಇಮಾನ ಹತ್ತಲಾ? ಪಕ್ಕದಲ್ಲಿ ಕುಂತೋರು ನನ್ನ ಕಿಟಕಿಯಿಂದ ಆಚೀಕ್ ಎಸೀತಾರೆ. ಟಿಕೀಟು ಇದ್ದಂಗೇ ಇರ್ಲಿ. ಮುದ್ದೆ ಇನ್ನೊಂದ್ ಕೊಡು."

ಕ್ಯಾಮೆರಾ ಇನ್ನೂ ಇತ್ತು. ಮುಂದಿನ ದಿನಗಳಲ್ಲಿ ರಕೂನು ಬೇಲಿಯ ತನಕ ಬರುವುದು, ನಮ್ಮ ನಾತ ಬಡಿದು ಮೂಗೆತ್ತುವುದು, ತಿರುಗಿ ಹೋಗುವುದು ಕಂಡಿತು. ಉಳಿದ ಪ್ರಾಣಿಗಳೂ ಹಾಗೆಯೇ ಮಾಡಿದವು. ಕೋಷ್ಟಕದಲ್ಲಿ ನಾನೂ ಅತ್ತೆಯೂ ಇರಲಿಲ್ಲ, ಅದೇ ಅದರಲ್ಲಿದ್ದ ತಪ್ಪು.

ನಾಲ್ಕೈದು ದಿನ ಕಳೆದ ಮೇಲೆ ನಾನು ಆಫೀಸಿಗೆ ಹೋದೆ. ಮೀಟಿಂಗಿನಲ್ಲಿ ನನ್ನ ಎರಡೂ ಬದಿಯ ಕುರ್ಚಿಗಳು ಖಾಲಿ ಉಳಿದವು, ಮ್ಯಾನೇಜರು ಬಹಳ ಮರ್ಯಾದೆಯಿಂದ ಮನೆಯಿಂದಲೇ ಕೆಲಸ ಮಾಡಲು ಹೇಳಿದರು. ಬೇಗನೆ ಮನೆಗೆ ಬಂದು, ಒಳಗೆ ಪ್ರವೇಶವಿಲ್ಲವಾದ್ದರಿಂದ ಪಕ್ಕದ ಗೇಟಿನಿಂದ ಹಿತ್ತಿಲಿಗೆ ಹೋದೆ. ಚಪ್ಪರದ ಕೋಲುಗಳ ಹಿಂದೆ ಅತ್ತೆ ಕುಕ್ಕರಗಾಲಿನಲ್ಲಿ ಕೂತಿದ್ದರು, ತಲೆಯೆತ್ತಲಿಲ್ಲ.

"ಬಂದ್ಯಾ? ಒಸಿ ಕಾಲ್ಕೆಳಗೆ ನೋಡ್ಕಂಡು ಬಾ. ಮೊಳಕೆ ಬಂದದೆ."