ದನಕ್ಕೆ ಬೇಡವಾದ ಜೋಳ

ನನ್ನನ್ನು ಮಸ್ಕಿಯ ಮನೆಗೆ ಕೊಡುವಾಗ ನಮ್ಮಪ್ಪ ಗಂಡಿನ ಮುಖವನ್ನು ಅಷ್ಟಾಗಿ ನೋಡಲಿಲ್ಲ. ಅಂಗಳದಲ್ಲಿ ಹಗೇವು ಎಷ್ಟಿವೆ ಎಂದು ಕೇಳಿದ. ಮೂರು ಎಂದರು. ನೆಲದೊಳಗೆ ಮೂರು ಗುಂಡಿ ತುಂಬ ಜೋಳ ಹೂತಿಟ್ಟ ಮನೆಗೆ ಹೆಣ್ಣು ಕೊಡದೆ ಇನ್ಯಾರಿಗೆ ಕೊಡುವುದು? ಸಿಂಧನೂರಿನಿಂದ ನನ್ನ ಹಿಂದೆಯೇ ಒಂದು ಎಮ್ಮೆಯನ್ನೂ ಕಳಿಸಿದ. ಆ ಮನೆಯಲ್ಲಿ ಮೊದಲ ವರ್ಷ ನನ್ನ ಮೇಲೆ ಸಿಟ್ಟಾಗದೆ ಇದ್ದದ್ದು ಆ ಎಮ್ಮೆ ಮಾತ್ರ.

ಮೂರರಲ್ಲಿ ಹಳೆಯ ಹಗೇವನ್ನು ಮಾವ ತೆಗೆಯಗೊಡುತ್ತಿರಲಿಲ್ಲ. ಅದರ ಬಾಯಿ ಎಷ್ಟು ವರ್ಷ ಮುಚ್ಚಿರುತ್ತದೋ ಮನೆತನದ ಹೆಸರು ಅಷ್ಟು ದೊಡ್ಡದು. ನಿಜಾಮರ ಆಳ್ವಿಕೆ ಹೋಗಿ ಹೊಸ ಸರಕಾರ ಬಂತು, ಹಗೇವಿನ ಬಾಯಿಕಲ್ಲು ಮಾತ್ರ ಅಲುಗಲಿಲ್ಲ. ಬಂದ ಬೀಗರನ್ನೆಲ್ಲ ಅದರ ಮೇಲೆಯೇ ಕಂಬಳಿ ಹಾಸಿ ಕೂರಿಸುತ್ತಿದ್ದರು. ಎರಡು ಮಳೆಗಾಲದ ನೀರು ಒಳಗೆ ಜಿನುಗಿದ್ದು ಬೀಗರಿಗೂ ಗೊತ್ತಾಗಲಿಲ್ಲ, ಮಾವನಿಗೂ ಗೊತ್ತಾಗಲಿಲ್ಲ.

ಕಾಳು ಸಾಲದೆ ಒಂದು ಶ್ರಾವಣದಲ್ಲಿ ಅದನ್ನೂ ತೆಗೆಯಬೇಕಾಯಿತು. ನೋಡಲು ಸೇರಿದ್ದ ಓಣಿಯವರು ವಾಸನೆ ಬಡಿದ ಕೂಡಲೇ ಏನೇನೋ ಕೆಲಸ ನೆನಪಾಗಿ ಹೊರಟುಹೋದರು. ಜೋಳ ಹೆಂಟೆಗಟ್ಟಿತ್ತು, ಮೈತುಂಬ ಕಪ್ಪು ಬೂಸ್ಟು. ಅತ್ತೆ ಒಂದು ಹಿಡಿ ಮೂಸಿ, "ಹಳೇ ಜ್ವಾಳ ಅಂದ್ರ ಹಿಂಗ ಇರ್ತೈತಿ" ಅಂದರು. ಮಾಳಿಗೆಯ ಮೇಲೆ ಒಣಗಿಸಿ, ಮೊರದಲ್ಲಿ ಕೇರಿ, ಮತ್ತೆ ಮೂಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಎಮ್ಮಿಗೆ ಕುದಿಸಿ ಹಾಕು" ಅಂದರು.

ಎಮ್ಮೆ ಮೊದಲ ದಿನ ಮುಖ ತಿರುಗಿಸಿತು. ನಮ್ಮೆಲ್ಲರಿಗಿಂತ ಅದಕ್ಕೆ ಬುದ್ಧಿ ಹೆಚ್ಚಿತ್ತು. ಅತ್ತೆ ಬೆಲ್ಲ ಕಲಸಿ ಕೊಟ್ಟರು, ತಿಂದಿತು. ವಾರದೊಳಗೆ ಮೆಲುಕು ನಿಂತಿತು, ಹಾಲು ಬತ್ತಿತು, ಬಾಯಲ್ಲಿ ಜೊಲ್ಲು. ಅತ್ತೆ ಮೆಣಸಿನಕಾಯಿ ನಿವಾಳಿಸಿ, ಸಂತೆಕಲ್ಲೂರಿನ ಬೀಗರ ಕಣ್ಣು ಬಿದ್ದಿದೆ ಎಂದು ತೀರ್ಮಾನ ಹೇಳಿದರು. ಮಾವ ಅದರ ಕೊರಳಿಗೆ ತಾಯಿತ ಕಟ್ಟಿಸಿದರು. ಜೋಳದ ಮೇಲೆ ಮಾತ್ರ ಯಾರೂ ಅನುಮಾನ ಪಡಲಿಲ್ಲ. ನನಗೋ, ತವರಿನದು ಅಂತ ಉಳಿದಿದ್ದೇ ಆ ಜೀವ. ಅದು ಮೇವು ತಿನ್ನುವ ಗೋದಲಿಯ ಹತ್ತಿರ ಕೂತು ಕಣ್ಣೀರು ಹಾಕಿದೆ. ಯಜಮಾನರ ಬೆನ್ನು ಬಿದ್ದು ಲಿಂಗಸುಗೂರಿನಿಂದ ದನದ ಡಾಕ್ಟರನ್ನು ಕರೆಸಿದೆ.

ಡಾಕ್ಟರು ಎಮ್ಮೆಗಿಂತ ಮೊದಲು ಗೋದಲಿ ನೋಡಿದರು. ಜೋಳ ಮೂಸಿ, ಚೆಲ್ಲಿ, ನೀರು ಕೇಳಿ ಕೈ ತೊಳೆದುಕೊಂಡರು.

"ಬೂಸ್ಟು ಹಿಡಿದು ಪೂರಾ ವಿಷ ಆಗೈತ್ರಿ ಸಾವ್ಕಾರ್ರ. ದನಕ್ಕ ಒಂದು ಕಾಳೂ ಹಾಕಬ್ಯಾಡ್ರಿ."

ಸರಕಾರಿ ಮನುಷ್ಯರ ಮಾತು ಮೀರುವವರಲ್ಲ ನಮ್ಮ ಮಾವ. ಅಂದಿನಿಂದಲೇ ಎಮ್ಮೆಗೆ ನಾವು ತಿನ್ನುವ ಜೋಳದ ನುಚ್ಚು ಬೀಳತೊಡಗಿತು. ಹದಿನೈದು ದಿನಕ್ಕೆ ಅದು ಮೆಲುಕು ಹಾಕಿದಾಗ ಅದರ ಕೊರಳು ತಬ್ಬಿಕೊಂಡೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಹಗೇವಿನ ಉಳಿದ ಜೋಳವನ್ನು ಏನು ಮಾಡುವುದು? ತಿಪ್ಪೆಗೆ ಚೆಲ್ಲಿದರೆ ಊರು ನೋಡುತ್ತದೆ. ಮಾವ ಎರಡು ದಿನ ಯೋಚಿಸಿ ಅಂದರು:

"ಹೊಲದಾಗ ಕಳೆ ತಗ್ಯಾಕ ಬರೋ ಹೆಣ್ಣಾಳಿಗೆ ಕೂಲಿ ಅಳೀರಿ."

"ಡಾಕ್ಟರು ವಿಷ ಅಂದಾರಲ್ಲಪ್ಪ?" ಅಂದರು ಯಜಮಾನರು.

"ದನಕ್ಕ ಹಾಕಬ್ಯಾಡ್ರಿ ಅಂದಾರ. ಮನಷ್ಯಾರ ಸುದ್ದಿನ ಎತ್ತಿಲ್ಲ."

ಕೂಲಿ ಅಳೆಯುವುದು ಸೊಸೆಯ ಕೆಲಸ. ಸಂಜೆ ಹೆಂಗಸರು ಕಟ್ಟೆಯ ಮುಂದೆ ಸೆರಗೊಡ್ಡಿ ಸಾಲಾಗಿ ನಿಂತರು. ಹಿಂದೆ ಬಾಗಿಲಲ್ಲಿ ಅತ್ತೆ ಇದ್ದರು. ನನಗೆ ಹೆದರಿಕೆ, ಅದಕ್ಕಿಂತ ಹೆಚ್ಚು ನಾಚಿಕೆ. ಮೊದಲು ನಿಂತಿದ್ದ ಮುದುಕಿ ಸೆರಗಿಗೆ ಬಿದ್ದ ಜೋಳವನ್ನು ಮೂಸಿದಳು. ನನ್ನ ಮುಖ ನೋಡಿ ಮೆಲ್ಲಗೆ ಕೇಳಿದಳು:

"ಎಮ್ಮಿ ಆರಾಮಾತೇನ್ರಿ ಅವ್ವಾರ?"

"ಆರಾಮ ಆಗೈತಿ" ಅಂದೆ.

"ಛಲೋ ಆತು ಬಿಡ್ರಿ" ಎಂದು ಸೆರಗಿಗೆ ಗಂಟು ಹಾಕಿಕೊಂಡು ಹೋದಳು.

ನಾನು ಮುಂದಿನವಳಿಗೆ ಸೇರು ತುಂಬಿದೆ.