ತುಕ್ಕಣ್ಣನ ನಲವತ್ತೊಂದನೇ ಪುಸ್ತಕ

ನಮ್ಮ ಚಿಕ್ಕರಸಿನಕೆರೆಯಲ್ಲಿ ಕುಸುಮನ ಬಗ್ಗೆ ಯಾರನ್ನಾದರೂ ಕೇಳಿ, "ಓ, ಜಯಪ್ರಕಾಶನ ಹೆಂಡ್ತಿನಾ? ಬಾಯಿಲ್ಲದ ಹೆಂಗ್ಸು" ಅಂತಾರೆ. ಬಾಯಿಲ್ಲವಂತೆ! ಪಕ್ಕದ ಮನೆ ಜಗಲಿ ಮೇಲೆ ಹೊಲಿಗೆ ಮಿಷನ್ ಹಾಕ್ಕೊಂಡು ಕೂತಿರೋ ನನಗೆ ಗೊತ್ತು ಅವಳ ಬಾಯಿ ಎಂಥದ್ದು ಅಂತ. ಹಾಲು ಕೊಡದ ಹಸುವಿಗೆ ಅವಳು ಬೈಯೋದನ್ನ ನೀವು ಕೇಳಬೇಕು. ಮನುಷ್ಯರಿಗೆ ಮಾತ್ರ ಬೈತಿರಲಿಲ್ಲ. ಅಲ್ಲೇ ಎಡವಿದ್ದು ಅವಳು.

ಕುಸುಮ ಕೊತ್ತತ್ತಿ ಹುಡುಗಿ. ಅವಳಿಗೂ ಅವಳಣ್ಣ ಚಲುವರಾಜುಗೂ ಚಿಕ್ಕಂದಿನಿಂದ ಒಂದೇ ಹುಚ್ಚು, ತುಕ್ಕಣ್ಣ ಅನ್ನೋ ರೋಬೋಟಿನ ಚಿತ್ರಕಥೆ ಪುಸ್ತಕ. ವರ್ಷಕ್ಕೆ ನಾಲ್ಕೋ ಐದೋ ಬರೋವು. ಗುಜರಿ ಕಬ್ಬಿಣದಲ್ಲಿ ಮಾಡಿದ ರೋಬೋಟು ಅದು. ಮೈಯೆಲ್ಲ ತುಕ್ಕು, ಒಂದು ಕಾಲು ಕುಂಟು, ಆದರೂ ಊರಿಗೆ ಕಷ್ಟ ಬಂದರೆ ಕುಂಟಿಕೊಂಡೇ ಓಡಿ ಬರ್ತಾನೆ. ಅಣ್ಣ ಮಂಡ್ಯಕ್ಕೆ ಹೋಗಿ ಪುಸ್ತಕ ತರೋದು, ಇಬ್ಬರೂ ನಾಲೆ ಏರಿ ಮೇಲೆ ಕೂತು ತಲೆಗೆ ತಲೆ ತಾಗಿಸಿಕೊಂಡು ಓದೋದು. ಒಬ್ಬರನ್ನ ಬಿಟ್ಟು ಒಬ್ಬರು ಪುಟ ತಿರುವಂಗಿಲ್ಲ ಅಂತ ಅವರಲ್ಲೇ ಮಾತಾಗಿತ್ತು.

ಮದುವೆ ಗೊತ್ತಾದಾಗ ಅವಳು ಅಣ್ಣನನ್ನ ಕೇಳಿದ್ದು ಒಂದೇ. "ಗೌರಿ ಹಬ್ಬದ ಬಾಗಿನದಾಗೆ ಸೀರೆ ಇಲ್ದಿದ್ರೂ ಚಿಂತಿಲ್ಲ ಕಣಣ್ಣ, ತುಕ್ಕಣ್ಣನ ಪುಸ್ತಕ ಮಾತ್ರ ಮರೀಬ್ಯಾಡ."

ಅವನೂ ಮರೀಲಿಲ್ಲ. ಮೊದಲ ವರ್ಷದ ಗೌರಿಗೆ ಮೊರದ ತುಂಬ ಅಕ್ಕಿ, ಬೇಳೆ, ಬೆಲ್ಲ, ಬಳೆ, ಅರಿಶಿನ ಕುಂಕುಮ ತಂದ. ಆ ಪುಣ್ಯಾತ್ಮ ಪುಸ್ತಕಗಳನ್ನ ತಳದಲ್ಲಿ ಇಡಬಾರದಿತ್ತಾ? ಎಲ್ಲದರ ಮೇಲೆ ಇಟ್ಟಿದ್ದ. ಬಾಗಿನ ನೋಡೋಕೆ ಬೀದಿ ಹೆಂಗಸರೆಲ್ಲ ಸೇರಿದ್ದರು. ಎದುರು ಮನೆ ಪುಟ್ಟಮಾದಮ್ಮ ಪುಸ್ತಕ ಎತ್ತಿ ಹಿಡಿದು, "ಅಯ್ಯೋ ನನ್ ಸಿವನೆ! ತವರ್ ಮನೆಯೋರು ಮೊರದಾಗೆ ಕಬ್ಬಿಣದ ಗೊಂಬೆ ಕಳ್ಸವ್ರಲ್ಲೇ!" ಅಂದಳು. ಬೀದಿಗೆ ಬೀದಿಯೇ ನಕ್ಕಿತು. ಕುಸುಮನೂ ನಕ್ಕು, ಪುಸ್ತಕ ಎದೆಗವಚಿಕೊಂಡು ಒಳಗೆ ಹೋದಳು.

ಅವತ್ತು ಬಂದಿದ್ದರಲ್ಲಿ ಕೊನೇದು ನಲವತ್ತನೇ ಪುಸ್ತಕ. ಕೆರೆ ತೂಬು ಕಿತ್ತುಹೋಗಿದೆ, ತುಕ್ಕಣ್ಣ ನೀರಿಗಿಳಿದು ಬೆನ್ನು ಕೊಟ್ಟು ನಿಂತಿದ್ದಾನೆ, ನೀರು ಕತ್ತಿನ ಮಟ್ಟಕ್ಕೆ ಬಂದಿದೆ. ಅಲ್ಲಿಗೆ ಪುಸ್ತಕ ಮುಗೀತದೆ. ಮುಂದೇನಾಯ್ತು ಅಂತ ಅವಳು ವರ್ಷವೆಲ್ಲ ನನ್ನ ತಲೆ ತಿಂದಳು.

ಮಾರನೇ ವರ್ಷ ಚಲುವರಾಜು ಬಂದ. ಮೊರದಲ್ಲಿ ಒಳ್ಳೇ ಸೀರೆ ಇತ್ತು, ಪುಸ್ತಕ ಇರಲಿಲ್ಲ. "ತುಕ್ಕಣ್ಣ ಸತ್ತೋದ ಕಣವ್ವ. ಆ ನೀರ್ನಲ್ಲೇ ಮುಳುಗೋದ. ಪುಸ್ತಕಾನೂ ನಿಲ್ಸ್‌ಬುಟ್ರು" ಅಂದ. ಸ್ವಂತ ಅಣ್ಣ ಹೇಳಿದ ಮೇಲೆ ಇನ್ನೇನು? ನಂಬಿದಳು. ಕೊಟ್ಟಿಗೆಗೆ ಹೋಗಿ ಅತ್ತು ಬಂದಳು.

ನಮ್ಮ ಕಡೆ ಆಯುಧ ಪೂಜೆ ಅಂದರೆ ಮನೇಲಿರೋ ಕಬ್ಬಿಣಕ್ಕೆಲ್ಲ ಪೂಜೆ. ಮಚ್ಚು, ಕುಡುಗೋಲು, ಪಂಪ್‌ಸೆಟ್ ಮೋಟ್ರು, ಬೈಕು, ಯಾವುದನ್ನೂ ಬಿಡಲ್ಲ. ಕುಸುಮ ಇವುಗಳ ಪಕ್ಕ ನಲವತ್ತನೇ ಪುಸ್ತಕ ಇಟ್ಟು ಕುಂಕುಮ ಹಚ್ಚೋಳು. ನಾನು ಕೇಳಿದರೆ, "ಅವನೂ ಕಬ್ಬಿಣನೇ ಅಲ್ವೇನೇ? ಸತ್ತೋನ್ಗೆ ಒಂದ್ ಹೂವನಾದ್ರೂ ಬ್ಯಾಡ್ವಾ?" ಅನ್ನೋಳು. ಬೂದುಗುಂಬಳಕಾಯಿ ನಿವಾಳಿಸಿ ಒಡೆಯುತ್ತಿದ್ದವನು ಅವಳ ಗಂಡ ಜಯಪ್ರಕಾಶನೇ. "ನಿನ್ ತುಕ್ಕಣ್ಣಂಗೂ ಆಯ್ತು ನೋಡು" ಅಂತಿದ್ದ. ಈ ಮಾತು ನೆನಪಿಟ್ಟುಕೊಳ್ಳಿ. ನನಗಂತೂ ಈಗಲೂ ಮೈ ಉರೀತದೆ.

ಹೀಗೇ ವರ್ಷಗಳು ಕಳೆದು ನಮ್ಮ ತಲೆಗೂದಲು ಬೆಳ್ಳಗಾಯಿತು. ಮೊನ್ನೆ ಮಂಡ್ಯ ಪಕ್ಕದ ವಿ.ಸಿ. ಫಾರಂ ಕೃಷಿಮೇಳಕ್ಕೆ ಇಬ್ಬರೂ ಹೋದೆವು. ಅವಳಿಗೆ ಹೊಸ ಭತ್ತದ ತಳಿ ನೋಡಬೇಕಿತ್ತು, ನನಗೆ ಮೆಣಸಿನಕಾಯಿ ಬಜ್ಜಿ ತಿನ್ನಬೇಕಿತ್ತು. ಬಜ್ಜಿ ಅಂಗಡಿ ಪಕ್ಕ ಒಂದು ಪುಸ್ತಕದ ಮಳಿಗೆ. ಅಲ್ಲಿ ದಾರಕ್ಕೆ ನೇತುಹಾಕಿದ್ದ ಹೊಸ ಪುಸ್ತಕದ ಮೇಲೆ ಅದೇ ಸೊಟ್ಟ ಮೂತಿ, ಅದೇ ಕುಂಟು ಕಾಲು.

"ಇದು ನಿಂತೋಗಿತ್ತಲ್ಲ?" ಅಂದಳು ಕುಸುಮ.

"ಯಾರಮ್ಮ ಹೇಳಿದ್ದು? ಒಂದು ವರ್ಷಾನೂ ನಿಂತಿಲ್ಲ. ನೂರೈವತ್ತು ದಾಟಿದೆ" ಅಂದ ಅಂಗಡಿಯವನು. "ಎಲ್ಲಿಂದ ಕೊಡಲಿ? ಹೊಸದರಿಂದ ಶುರುಮಾಡಿ, ಈಗ ತುಕ್ಕಣ್ಣನಿಗೆ ಹೊಸ ಮೈ ಬಂದಿದೆ. ಹಳೇದು ಓದದೇ ಇದ್ದರೂ ಅರ್ಥ ಆಗ್ತದೆ."

ಅವಳ ಮುಖ ನೋಡಿ ನನ್ನ ಕೈಯಲ್ಲಿದ್ದ ಬಜ್ಜಿ ತಣ್ಣಗಾಯಿತು. "ನಲವತ್ತೊಂದು ಅದಾ?" ಅಂತ ಕೇಳಿದಳು. ಅವನು ಹಳೇ ರಟ್ಟಿನ ಡಬ್ಬ ಹುಡುಕಿ ತೆಗೆದುಕೊಟ್ಟ.

ನೇರ ಕೊತ್ತತ್ತಿ ಬಸ್ಸು ಹತ್ತಿದೆವು. ಪುಸ್ತಕವನ್ನ ಮಡಿಲಲ್ಲಿ ಬೋರಲು ಹಾಕ್ಕೊಂಡು ಕೂತಿದ್ದಳು. "ತೆಗ್ದು ನೋಡೇ ಮಾರಾಯ್ತಿ, ಬದುಕವ್ನೋ ಇಲ್ವೋ!" ಅಂದೆ. "ಇದು ಅಣ್ಣ ತರ್ಬೇಕಾಗಿದ್ ಪುಸ್ತಕ. ಅವನ್ನ ಕೇಳ್ದೆ ಬಿಚ್ಚಲ್ಲ" ಅಂದಳು.

ಚಲುವರಾಜು ಎತ್ತಿಗೆ ಕಬ್ಬಿನ ಸೋಗೆ ಹಾಕ್ತಿದ್ದ. ತಂಗಿ ಕೈಲಿದ್ದ ಪುಸ್ತಕ ನೋಡಿ ಸೋಗೆ ಕೆಳಗೆ ಬಿಟ್ಟ. "ಯಾರ್ ಕೊಟ್ರವ್ವ ಇದ?"

"ನೀ ಕೊಡ್ಬೇಕಾಗಿತ್ತು."

ಆಮೇಲೆ ಬಾಯಿಬಿಟ್ಟ. "ನಿನ್ ಗಂಡನೇ ಕಣವ್ವ. ಮದ್ದೂರು ಬಸ್‌ಸ್ಟಾಂಡ್ನಲ್ಲಿ ಸಿಕ್ಕಿ ಕೈ ಹಿಡ್ಕಂಡ್ರು. 'ಬಾವ, ಆ ಬಾಗಿನ ಬಂದಾಗ್ನಿಂದ ಡೈರಿ ತಾವ ಎಲ್ರೂ ನನ್ನ ರೋಬೋಟು ರೋಬೋಟು ಅಂತವ್ರೆ, ತಲೆ ಎತ್ತಂಗಿಲ್ಲ. ಪುಸ್ತಕ ನಿಂತೋಯ್ತು ಅಂದ್ಬುಡಿ, ಎರಡ್ ದಿನ ಅತ್ತು ಸುಮ್ನಾಯ್ತಾಳೆ' ಅಂದ್ರು. ಹೊಸ ನೆಂಟಸ್ತನ, ಇಲ್ಲ ಅನ್ನಕ್ಕಾಯ್ತದಾ?"

ಕುಸುಮ ಬೇರೇನೂ ಕೇಳಲಿಲ್ಲ. "ನೀ ಓದ್ದಾ?" ಅಂದಳು.

ಅವನು ನೆಲ ನೋಡಿದ.

"ಎಲ್ಲಾನೂವಾ?"

"ಒಂದೂ ಬುಟ್ಟಿಲ್ಲ ಕಣವ್ವ."

"ನನ್ ಬುಟ್ಟು ಪುಟ ತಿರುವ್ದಾ, ಅಣ್ಣ?"

ಸುಳ್ಳು ಹೇಳಿದ್ದಕ್ಕಿಂತ ಇದೇ ಅವಳ ಕರುಳಿಗೆ ಚುಚ್ಚಿತು. ನನಗೆ ತಡೆಯಲಾಗಲಿಲ್ಲ, "ಥೂ, ನಿಮ್ ಮನೆ ಕಾಯ್ವೋಗ, ತಂಗಿ ಕಣ್ಣೀರ್ ಹಾಕ್ತಿದ್ರೆ ನೀವ್ ಇಲ್ಲಿ ಕುಂತು ಮಜವಾಗಿ ಓದ್ತಿದ್ರಾ?" ಅಂತ ಬೈದೇಬಿಟ್ಟೆ. ಅವನ ಕಣ್ಣಲ್ಲಿ ನೀರು ಬಂತು. "ಆದ್ದಾಯ್ತು ಬುಡವ್ವ. ನಡುವಿನ ಕತೆ ನಾನೇ ಯೋಳ್ತೀನಿ, ನೀ ಹೊಸಾದ್ರಿಂದ ಓದ್ಕೊ" ಅಂದ. ಅವಳು ಎದ್ದಳು. ಅತ್ತಿಗೆ ಕುಂಕುಮದ ಬಟ್ಟಲು ಹಿಡಿದು ಓಡಿ ಬಂದರೆ, "ಬ್ಯಾಡ ಅತ್ಗೆ. ಬರೋ ಗೌರಿಗೂ ಯಾರೂ ಬರ್ಬ್ಯಾಡಿ" ಅಂದಳು. ತವರಿಂದ ಹೆಣ್ಣುಮಗಳು ಬರಿ ಹಣೇಲಿ ಹೊರಡೋದನ್ನ ನಾನು ನೋಡಿದ್ದು ಅದೇ ಮೊದಲು.

ವಾಪಸ್ಸು ಬರ್ತಾ ಬಸ್ಸಿನಲ್ಲಿ ನಾನೇ ಅಂದೆ, "ಹೋಗ್ಲಿ ಬುಡೆ, ಹೊಸಾದ್ರಿಂದಾನೇ ಓದು. ನೂರು ಪುಸ್ತಕ ಯಾವಾಗ ಓದಿ ಮುಗ್ಸೀಯ?"

"ಹೊಸಾದ್ರಿಂದ ಸುರು ಮಾಡ್ದ್ರೆ ಅವರಿಬ್ರೂ ಮಾಡಿದ್ದೇ ಸರಿ ಅಂದಂಗಾಯ್ತದೆ ಕಣೆ. ಆ ವರ್ಸಗಳು ಇರ್ಲೇ ಇಲ್ಲ ಅಂದಂಗಾಯ್ತದೆ."

ಜಯಪ್ರಕಾಶ ಡೈರಿಗೆ ಹಾಲು ಹಾಕಿ ಬಂದು ಜಗಲಿ ಮೇಲೆ ಕೂತಿದ್ದ. ಕುಸುಮ ಒಳಗಿಂದ ಕುಂಕುಮ ಮೆತ್ತಿದ ನಲವತ್ತನೇ ಪುಸ್ತಕ ತಂದು ಅವನ ಮುಂದಿಟ್ಟಳು. ಅದರ ಪಕ್ಕ ನಲವತ್ತೊಂದು ಇಟ್ಟಳು. ಅವನಿಗೆ ಎಲ್ಲ ಗೊತ್ತಾಯಿತು, ಕಿವಿ ಕೆಂಪಾಯಿತು.

"ಯಾವ್ ಕಾಲದ್ದೋ, ಈಗ್ಯಾಕೆ ಕುಸುಮ? ಹೊಸವು ಎಷ್ಟ್ ಬೇಕೋ ತರ್ಸ್ಕೊ, ಬ್ಯಾಡ ಅಂದೋರ್ಯಾರು?"

"ವರ್ಸ ವರ್ಸ ಇದ್ರ ಮುಂದೆ ಕಾಯಿ ಒಡದ್ರಲ್ಲ, ಒಂದ್ ಸಲನಾದ್ರೂ ಬಾಯಿಗೆ ಬರ್ಲಿಲ್ವಾ, ಇವನು ಬದುಕವ್ನೆ ಕಣೆ ಅಂತ?"

ಅವಳು ನಲವತ್ತೊಂದನ್ನ ಅವನ ಕೈಗಿಟ್ಟಳು. "ನಾನ್ ಓದಲ್ಲ. ನೀವ್ ಓದಿ. ಗಟ್ಟಿಯಾಗಿ, ಬೀದಿಗೆಲ್ಲ ಕೇಳಂಗೆ."

ಬೀದಿಯಲ್ಲಿ ಜನ ಓಡಾಡ್ತಿದ್ದರು. ಪುಟ್ಟಮಾದಮ್ಮ ಹುಲ್ಲಿನ ಹೊರೆ ಹೊತ್ತವಳು ಹಂಗೇ ನಿಂತಳು. ಬಂದವಳೇ ಪಕ್ಕದ ಜಗಲಿ ಮೇಲೆ ಮಿಷನ್ ಮುಂದೆ ಕೂತಿದ್ದ ನಾನು ತುಳಿಯೋದು ನಿಲ್ಲಿಸಿದೆ. ಜಯಪ್ರಕಾಶ ಅತ್ತ ಇತ್ತ ನೋಡಿದ, ಕನ್ನಡಕ ಹಾಕ್ಕೊಂಡ, ಗಂಟಲು ಸರಿಮಾಡಿಕೊಂಡು ಮೊದಲ ಪುಟ ಓದಿದ.

"ತುಕ್ಕಣ್ಣ... ಇನ್ನೂ ನೀರಿನಲ್ಲೇ ನಿಂತಿದ್ದಾನೆ. ಯಾರಾದರೂ... ಬಂದೇ ಬರುತ್ತಾರೆ ಎಂದು... ಕಾಯುತ್ತಿದ್ದಾನೆ."

ಅಲ್ಲಿಗೆ ನಿಲ್ಲಿಸಿದ. ಪುಸ್ತಕ ಮಡಿಸಿ ಹೆಂಡತಿ ಮುಖ ನೋಡಿದ. "ಹಿಂಗೆ ಎಷ್ಟ್ ದಿನ ಓದ್ಬೇಕು?"

ಕುಸುಮ ಕಂಬಕ್ಕೆ ಒರಗಿ ಕೂತಿದ್ದಳು, ಹಣೆ ಇನ್ನೂ ಬರಿದಾಗೇ ಇತ್ತು.

"ನಾನ್ ಎಷ್ಟ್ ವರ್ಸ ಕುಂಕುಮ ಇಟ್ನೋ ಅಷ್ಟ್ ವರ್ಸದ್ ಪುಸ್ತಕ ಅದೆ" ಅಂದಳು. "ಓದಿ."